ಬರಿಗಾಲಿನ ಮನೆ

ಹಳ್ಳಿಯ ನರ್ಸು ನಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಹೊಸ್ತಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲೇ ದಾರಿ ಕಾಯುತ್ತ ಕೂತಿರುತ್ತವೆ. ಮನೆ ಮನೆ ಹತ್ತಿ ಇಳಿಯುವವಳು ನಾನು. ಪ್ರತಿ ಮನೆಯಲ್ಲೂ ಚಪ್ಪಲಿ ಬಿಡಬೇಕು, ಬರುವಾಗ ಮೆಟ್ಟಬೇಕು, ಮೆಟ್ಟಲು ಅವು ಅಲ್ಲೇ ಇರಬೇಕು! ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ಅಂತ ಸರಕಾರ ವರ್ಗ ಮಾಡಿದಲ್ಲೆಲ್ಲ ಸುತ್ತಿದ್ದೇನೆ. ಪಲ್ಯದ ರುಚಿ ಊರಿಗೊಂದು ಥರ ಇರುತ್ತದೆ, ಚಪ್ಪಲಿಯ ಬಗ್ಗೆ ಇರುವ ನಂಬಿಕೆ ಮಾತ್ರ ಎಲ್ಲ ಕಡೆ ಒಂದೇ. ಆದರೂ ಎಪ್ಪತ್ತರ ದಶಕದ ಕೊನೆಗೆ ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ ಕಳೆದ ಆ ಒಂದು ವರ್ಷದ ಮುಂದೆ ಉಳಿದದ್ದೆಲ್ಲ ಸಪ್ಪೆ.

ಆ ವರ್ಷ ನನ್ನ ಜೀವ ಒಂದು ಮನೆಯಲ್ಲಿ ಸಿಕ್ಕಿಕೊಂಡಿತ್ತು. ಒಕ್ಕಲುತನದ ಮನೆ. ಅತ್ತೆ, ಮಾವ, ಮಗ, ಸೊಸೆ, ನಾಲ್ಕೇ ಜನ. ಸೊಸೆ ಇನ್ನೂ ಹುಡುಗಿ. ಎರಡು ಸಲ ಬಸಿರಾಗಿ ಎರಡೂ ಸಲ ಕಳೆದುಕೊಂಡಿದ್ದಳು. ಈಗ ಮತ್ತೆ ಬಸಿರು ನಿಂತಿತ್ತು. ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ನೋಡಿದರೆ ಒಳಗೆ ಕೆಂಪು ಅನ್ನುವುದೇ ಇಲ್ಲ, ಸುಣ್ಣ ಬಳಿದ ಗೋಡೆ. ಸವಣೂರು ದವಾಖಾನೆಯ ಡಾಕ್ಟರಬಾಯಿ ಪರೀಕ್ಷೆ ಮಾಡಿ, "ಹೊಟ್ಟೆಯಲ್ಲಿ ಕೊಕ್ಕೆಹುಳು ಇದೆ. ಅದು ಹೊಲಸು ನೆಲದಿಂದ ಬರಿಗಾಲಿನ ಮೂಲಕ ಒಳಗೆ ಹೋಗಿ ರಕ್ತ ಹೀರುತ್ತದೆ" ಎಂದರು. ಹುಳದ ಔಷಧಿ ಕೊಟ್ಟರು, ಕಬ್ಬಿಣದ ಗುಳಿಗೆ ಕೊಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇನ್ನು ಮೇಲೆ ಈ ಹುಡುಗಿ ಬರಿಗಾಲಿನಲ್ಲಿ ಹಿತ್ತಲಿಗೆ, ಕೊಟ್ಟಿಗೆಗೆ ಹೋಗಬಾರದು. ರಕ್ತ ಏರದಿದ್ದರೆ ಕೂಸು ಉಳಿಯುವುದು ಕಷ್ಟ, ಇವಳು ಉಳಿಯುವುದೂ ಕಷ್ಟ" ಎಂದರು.

ಅಂದರೆ ಹುಡುಗಿ ಚಪ್ಪಲಿ ಹಾಕಬೇಕು. ಇಷ್ಟೇ ಕೆಲಸ. ಇಷ್ಟು ಕೆಲಸಕ್ಕೆ ನಾನು ಪಟ್ಟ ಪಾಡು ಕೇಳಿ.

೧. ಡಬ್ಬ ಬಿದ್ದ ಚಪ್ಪಲಿ

ನಾನು ಬಾಡಿಗೆಗಿದ್ದ ಮನೆಯ ಯಜಮಾನ, ಯಜಮಾನತಿ ಇಬ್ಬರೂ ವಯಸ್ಸಾದವರು. ಜಗಳ ಅನ್ನುವುದನ್ನೇ ಅರಿಯದ ಜೋಡಿ ಅಂತ ಊರಲ್ಲಿ ಹೆಸರು. ದವಾಖಾನೆಯಿಂದ ಬಂದ ಮರುದಿನ ಬೆಳಿಗ್ಗೆ ಆ ಹುಡುಗಿಯ ಮನೆಗೆಂದು ಚೀಲ ಹೆಗಲಿಗೆ ಹಾಕಿ ಹೊರಬಿದ್ದೆ. ಅಂಗಳದಲ್ಲಿ ಯಜಮಾನತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಚಪ್ಪಲಿ ನೋಡುತ್ತ ನಿಂತಿದ್ದಾಳೆ. ಒಂದು ಚಪ್ಪಲಿ ಡಬ್ಬ ಬಿದ್ದಿತ್ತು, ಅಡಿ ಮೇಲಾಗಿ.

"ಬಾಯಾರ, ಚಪ್ಪಲ ಡಬ್ಬ ಬಿದ್ರ ಮನ್ಯಾಗ ಜಗಳಾ ಆಗತೈತ್ರಿ" ಎಂದಳು.

ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಯಜಮಾನರು, "ಏನ್ ಜಗಳಾ ಆಗತೈತಿ ತಗೋ. ನಮ್ಮ ಮನ್ಯಾಗ ಆಗೂದಿಲ್ಲ" ಎಂದರು.

"ಆಗತೈತಿ. ನಮ್ಮವ್ವ ಹೇಳತಿದ್ಲು."

"ನಿಮ್ಮವ್ವ ಹೇಳಿದ್ದು ಯಾವಾಗ ಖರೆ ಆಗೇತಿ?"

"ನಮ್ಮವ್ವನ ಸುದ್ದಿಗೆ ಬರಬ್ಯಾಡ್ರಿ ಮತ್ತ!"

ನನಗೆ ಹೊತ್ತಾಗುತ್ತಿತ್ತು. ಚಪ್ಪಲಿ ನೆಟ್ಟಗೆ ಮಾಡಿ ಮೆಟ್ಟಿಕೊಂಡು ಹೊರಟುಬಿಟ್ಟೆ. ಸಂಜೆ ಬಂದು ನೋಡಿದರೆ ಕಟ್ಟೆಯ ಆ ತುದಿಗೆ ಅವರು, ಈ ತುದಿಗೆ ಇವಳು. ಒಲೆ ಹೊತ್ತಿಲ್ಲ. ಜಗಳ ಆಗುತ್ತದೋ ಇಲ್ಲವೋ ಅನ್ನುವ ಮಾತಿಗೇ ಇಡೀ ದಿನ ಜಗಳ ನಡೆದಿತ್ತು. ನನ್ನನ್ನು ಕಂಡದ್ದೇ ಯಜಮಾನತಿಯ ಮುಖ ಅರಳಿತು.

"ನೋಡಿದ್ರಿಲ್ಲೋ ಬಾಯಾರ? ನಾ ಹೇಳಿದ್ದ ಖರೆ ಆತು!"

೨. ಹುಳಕ್ಕೆ ಕಣ್ಣಿಲ್ಲ

ಅದೇ ಬೆಳಿಗ್ಗೆ ಆ ಮನೆಯಲ್ಲಿ ನಡೆದದ್ದು ಇದು. "ತಂಗೀ, ಇವತ್ತಿನಿಂದ ನೀ ಚಪ್ಪಲ ಹಾಕ್ಕೋಬೇಕು ನೋಡು" ಎಂದೆ. ಹುಡುಗಿ ತಲೆ ಕೆಳಗೆ ಹಾಕಿ ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತ ನಿಂತಳು. ಅತ್ತೆ ಮುಂದೆ ಬಂದು, "ಆಗೂದಿಲ್ರಿ ಬಾಯಾರ. ಅಕಿ ದ್ಯಾಮವ್ವಗ ಹರಕಿ ಹೊತ್ತಾಳ. ಕೂಸು ಕೈಗೆ ಬರೋತನಕ ಕಾಲಿಗೆ ಏನೂ ಮೆಟ್ಟೂದಿಲ್ಲಂತ" ಎಂದಳು.

ಕೂಸು ಉಳಿಯಲಿ ಅಂತ ಹೊತ್ತ ಹರಕೆಯೇ ಕೂಸಿಗೆ ಮುಳುವಾಗುವಂತಿತ್ತು. ನಾನು ಬಾಯಿ ಜೋರಿನವಳು. ಹುಳ ಹೇಗಿರುತ್ತದೆ, ಎಲ್ಲಿ ಹೊಗುತ್ತದೆ, ಎಲ್ಲಿ ಕಚ್ಚಿಕೊಳ್ಳುತ್ತದೆ, ಎಲ್ಲ ಕೈ ಆಡಿಸಿ ಹೇಳಿದೆ. ಅತ್ತೆ ಸಮಾಧಾನದಿಂದ ಕೇಳಿದಳು.

"ಹರಕಿ ಹೊತ್ತಾಕಿ ಕಾಲಾಗ ಅದು ಹೆಂಗ ಹೊಕ್ಕೈತ್ರಿ? ಹುಳಕ್ಕೂ ದ್ಯಾಮವ್ವನ ಅಂಜಿಕಿ ಇರತೈತಿ."

"ಯಮ್ಮಾ, ಹರಕಿ ಹೊತ್ತಾಕಿ ಯಾರು, ಹೊರಲಾರದಾಕಿ ಯಾರು ಅಂತ ನೋಡಾಕ ಹುಳಕ್ಕೇನು ಕಣ್ಣು ಅದಾವೇನು?"

"ಕಣ್ಣಿಲ್ಲೇನ್ರಿ?"

"ಇಲ್ಲ."

ಮುದುಕಿ ಸೊಸೆಯ ಕಡೆ ತಿರುಗಿ ನಿಶ್ಚಿಂತೆಯಿಂದ ಹೇಳಿದಳು, "ಅಂಜಬ್ಯಾಡವಾ. ಕಣ್ಣಿಲ್ಲದ್ದಕ್ಕ ನಿನ್ನ ಕಾಲು ಹೆಂಗ ಕಾಣಸತೈತಿ?"

೩. ಹರಕೆಗೆ ಬದಲಿ

ಎರಡು ದಿನ ನನಗೆ ಊಟ ಸೇರಲಿಲ್ಲ. ದೇವರನ್ನು ಬಯ್ಯುವಂತಿಲ್ಲ, ಹರಕೆ ಮುರಿ ಅನ್ನುವಂತಿಲ್ಲ. ಮುರಿದ ಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಹುಡುಗಿ ಜನ್ಮವಿಡೀ ತನ್ನನ್ನೇ ಬೈದುಕೊಳ್ಳುತ್ತಾಳೆ. ಆಗ ನೆನಪಾಯಿತು. ನಡೆಯಲಾಗದವರು ಗುಡ್ಡಕ್ಕೆ ಹೋಗುವ ಹರಕೆಯನ್ನು ಮನೆಯ ಇನ್ನೊಬ್ಬರ ಮೇಲೆ ಹಾಕುವುದು ಉಂಟು. ನಾವು ರಜೆ ಹೋಗುವಾಗ ಬದಲಿ ನರ್ಸು ಬರುವುದಿಲ್ಲವೇ, ಹಾಗೆ.

ಓಡಿ ಹೋಗಿ ಅತ್ತೆಗೆ ಹೇಳಿದೆ, "ಯಮ್ಮಾ, ಅಕಿ ಹರಕಿ ನೀ ಹೊರಬಾರದೇನು?"

ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ಯಾಕ ಹೊರಬಾರದು? ಅಕಿ ಹೊಟ್ಟ್ಯಾಗ ಇರೂದು ನನ್ನ ಮೊಮ್ಮಗುನ ಅಲ್ಲೇನು!" ಎಂದು ಆ ದಿನವೇ ದ್ಯಾಮವ್ವನ ಗುಡಿಗೆ ಹೋಗಿ ಕಾಯಿ ಒಡೆಸಿ, ಸೊಸೆಯ ಹರಕೆಯನ್ನು ತನ್ನ ಕಾಲಿಗೆ ಹಾಕಿಕೊಂಡು ಬಂದಳು. ನಾನು ಆಕೆಯ ಎರಡೂ ಕೈ ಹಿಡಿದುಕೊಂಡೆ. ನನಗೆ ಅಂಥ ಅತ್ತೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚೂ ಆಯಿತು.

ಮುಂದಿನ ಸಲ ಹೋದಾಗ ಹೊಸ್ತಿಲ ಹೊರಗೆ ನನ್ನ ಚಪ್ಪಲಿ ಬಿಟ್ಟರೆ ಒಂದೂ ಇಲ್ಲ. ಅತ್ತೆಯದು ಇಲ್ಲದ್ದು ಸರಿ. ಮಗನನ್ನು ಕೇಳಿದೆ, "ನಿನ್ನ ಚಪ್ಪಲ ಎಲ್ಲಿ?" ಎಂದು.

"ನಾಯಿ ಒಯ್ತ್ರಿ."

ಮಾವನನ್ನು ಕೇಳಿದೆ. "ಬಾರು ಹರದೈತ್ರಿ" ಎಂದರು. ಅಷ್ಟರಲ್ಲಿ ಮಗ ಹೊರಗೆ ಬಂದು ಅಪ್ಪನ ಕಾಲು ನೋಡಿದ, ಅಪ್ಪ ಮಗನ ಕಾಲು ನೋಡಿದರು, ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬಾಯಿ ಬಿಟ್ಟು ಹೇಳಿದರೆ ಹರಕೆಯ ಶಕ್ತಿ ಹೋಗುತ್ತದಂತೆ. ಅದಕ್ಕೇ ಒಬ್ಬರಿಗೊಬ್ಬರು ಹೇಳದೆ ಗಂಡನೂ ಮಾವನೂ ಗುಡಿಗೆ ಹೋಗಿ ಬಂದಿದ್ದರು. ಎರಡು ಕಾಲು ಉಳಿಸಲು ಹೋದ ನಾನು ಆರು ಕಾಲು ಬರಿದು ಮಾಡಿ ಇಟ್ಟಿದ್ದೆ.

ಬೇರೆ ದಾರಿ ಕಾಣದೆ ಮೂವರನ್ನೂ ಸಾಲಾಗಿ ಕೂರಿಸಿ ಹುಳದ ಔಷಧಿ ಕುಡಿಸಿದೆ. ಮಾವ ಕಹಿಗೆ ಮುಖ ಕಿವುಚಿ, ಬಾಯಿ ಒರೆಸಿಕೊಂಡು ಹೇಳಿದರು:

"ಹರಕಿ ಹೊತ್ತದ್ದು ದ್ಯಾಮವ್ವಗ. ಪ್ರಸಾದ ಕುಡಸಾಕತ್ತಾಕಿ ನರ್ಸವ್ವ."

೪. ಕೊಡಿಸುವವರು ಯಾರು?

ಹರಕೆ ಇಳಿಯಿತು. ಇನ್ನು ಚಪ್ಪಲಿ ತರಬೇಕು. ತರುವವರು ಯಾರು?

"ನೀನ ತಂದು ಕೊಡಪಾ" ಎಂದು ಗಂಡನಿಗೆ ಹೇಳಿದೆ. ಆತ ಎರಡು ಹೆಜ್ಜೆ ಹಿಂದೆ ಸರಿದ. ಚಪ್ಪಲಿ ಕೊಡಿಸಿದರೆ ಕೊಡಿಸಿದವರನ್ನು ಬಿಟ್ಟು ತೆಗೆದುಕೊಂಡವರು ನಡೆದುಬಿಡುತ್ತಾರಂತೆ. "ಅಕಿ ಹಾಕ್ಕೊಂಡು ತವರಮನಿಗೆ ಹೊಂಟ್ರ ಏನ್ ಮಾಡ್ಲಿರಿ?" ಎಂದು ಕೇಳಿದ. ಕೇಳುವಾಗ ಅವನ ಮುಖ ನೋಡಿದರೆ ನಗು ಬರಲಿಲ್ಲ, ಪಾಪ ಅನ್ನಿಸಿತು. ಎರಡು ಕೂಸು ಕಳೆದುಕೊಂಡ ಹುಡುಗಿ ತನ್ನನ್ನೂ ಬಿಟ್ಟು ಹೋಗಿಬಿಟ್ಟಾಳು ಅನ್ನುವ ಹೆದರಿಕೆ ಅವನಿಗೆ ನಿಜವಾಗಿಯೂ ಇತ್ತು.

ಅತ್ತೆಯೂ ಒಲ್ಲೆ ಎಂದಳು. ಅತ್ತೆ ಕೊಡಿಸಿದ ಚಪ್ಪಲಿಯಿಂದ ಅತ್ತೆ-ಸೊಸೆ ಜಗಳ ಶುರುವಾಗುತ್ತದಂತೆ. ಮಾವ ಕೊಡಿಸುವ ಮಾತೇ ಇಲ್ಲ. ಬಹಳ ಹೊತ್ತು ಮೂವರೂ ಗುಸುಗುಸು ಮಾಡಿ ಕೊನೆಗೆ ಅತ್ತೆಯನ್ನು ಮುಂದೆ ಮಾಡಿದರು.

"ಬಾಯಾರ, ನೀವ ಕೊಡಸ್ರಿ."

"ಹಂಗಾರ ನನಗೂ ಅಕಿಗೂ ಸಂಬಂಧ ಮುರೀಬಹುದೇನು?" ಎಂದೆ, ಸ್ವಲ್ಪ ಸಿಟ್ಟಿನಲ್ಲೇ.

ಮುದುಕಿ ನನ್ನ ಗಲ್ಲ ಮುಟ್ಟಿ ಬಹಳ ಪ್ರೀತಿಯಿಂದ ಹೇಳಿದಳು, "ಮುರದ್ರ ಮುರೀಲಿ ಬಿಡ್ರಿ. ನಿಮ್ಮದೂ ನಮ್ಮದೂ ಸಂಬಂಧ ಹೆರಿಗಿ ಆಗೋತನಕ ಅಷ್ಟ ಅಲ್ಲೇನ್ರಿ?"

೫. ಟಾಂಗಾದ ಹಿಂದೆ

ಹುಡುಗಿಯ ಪಾದದ ಅಳತೆಯನ್ನು ಒಂದು ದಾರಕ್ಕೆ ಗಂಟು ಹಾಕಿಕೊಂಡು ಸವಣೂರಿಗೆ ಹೋದೆ. ನೀಲಿ ಬಾರಿನ ಹವಾಯಿ ಚಪ್ಪಲಿ ಸಿಕ್ಕವು. ಅಂಗಡಿಯಿಂದ ಇಳಿಯುವಾಗ ನನ್ನದೇ ಚಪ್ಪಲಿಯ ಬಾರು ಕಿತ್ತುಹೋಯಿತು. ಹೊಸದನ್ನು ನಾನು ಮೆಟ್ಟುವಂತಿಲ್ಲ. ಹರಿದದ್ದನ್ನು ಕೈಯಲ್ಲಿ ಹಿಡಿದು ಕುಂಟುತ್ತ ಟಾಂಗಾ ಹತ್ತಿದೆ. ಟಾಂಗಾದ ಚಾಚಾ ಬಿಳಿ ಗಡ್ಡದವರು. ದವಾಖಾನೆಗೆ ಹೋಗುವಾಗೆಲ್ಲ ನಾನು ಅವರ ಗಿರಾಕಿ.

"ಬೇಟಿ, ಆ ಹರದ ಚಪ್ಪಲ ನನಗ ಕೊಡು. ಹೊಸಾ ಕುದರಿ ತಂದೇನಿ. ಮಂದಿ ಕಣ್ಣು ಬಾಳ ಕೆಟ್ಟ. ಹಳೇ ಚಪ್ಪಲ ಕಟ್ಟಿದ್ರ ನೆದರ ತಾಕೂದಿಲ್ಲ."

"ಯಾರದರ ಚಪ್ಪಲ ಕಟ್ರಿ ಚಾಚಾ, ನಂದ ಯಾಕ?"

"ನೀ ಮಂದಿ ಮನಿ ಮನಿಗೆ ಕೂಸು ತರಾಕಿ. ನಿನ್ನ ಕಾಲಗುಣ ಚಲೋ ಐತಿ."

ಮನಸ್ಸಿನಲ್ಲಿ ಆ ಹುಡುಗಿಯೇ ಇದ್ದಳು. ಅವಳ ಮನೆಗೂ ನನ್ನ ಕಾಲಗುಣ ಚಲೋ ಆಗಲಿ ಅಂತ ಅಂದುಕೊಂಡು ಚಪ್ಪಲಿ ಕೊಟ್ಟೆ. ಚಾಚಾ ಅಲ್ಲೇ ಟಾಂಗಾದ ಹಿಂದೆ ಸುತಳಿಯಿಂದ ಬಿಗಿದರು.

ಮುಂದಿನ ತಿಂಗಳು ಸಿಕ್ಕಾಗ, "ಹೆಂಗೈತಿ ಚಾಚಾ, ನನ್ನ ಚಪ್ಪಲ?" ಎಂದು ಕೇಳಿದೆ.

"ಬಾಳ ಜೋರ ಐತಿ ಬೇಟಿ! ಕಟ್ಟಿದಾಗಿಂದ ಟಾಂಗಾದ ಮ್ಯಾಲ ಒಬ್ಬರ ಕಣ್ಣೂ ಬಿದ್ದಿಲ್ಲ" ಎಂದು ಚಾಚಾ ಆ ಕಡೆ ಈ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಗಿರಾಕಿ ಕಣ್ಣ ಸೈತ ಬಿದ್ದಿಲ್ಲ!"

೬. ಮಾವ ಮನೆಯಲ್ಲಿಲ್ಲ

ಚಪ್ಪಲಿ ಮನೆಗೆ ಬಂದವು. ಹುಡುಗಿ ಅವನ್ನು ಹಾಕಿಕೊಂಡಳೇ? ಕೈಯಲ್ಲಿ ಹಿಡಿದುಕೊಂಡು ಓಡಾಡಿದಳು! ಮಾವನ ಎದುರಿಗೆ ಸೊಸೆ ಚಪ್ಪಲಿ ಮೆಟ್ಟಿ ನಡೆಯುವುದು ಅಂದರೆ ಆ ಕಾಲಕ್ಕೆ ದೊಡ್ಡ ಬೇಅದಬಿ, ಅವಮರ್ಯಾದೆ. ಮಾವನೋ, ಇಡೀ ದಿನ ಪಡಸಾಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ ಕೂರುವವರು. ದನ ಕಟ್ಟುವ ಜಾಗ, ಸೆಗಣಿ, ಗಂಜಲ, ಎಲ್ಲ ಅವರ ಕಣ್ಣೆದುರಿಗೇ. ಎಲ್ಲಿ ಚಪ್ಪಲಿ ಬೇಕೋ ಅಲ್ಲಿ ಅವು ಕೈಯಲ್ಲಿ.

ನಾನು ಮಾವನ ಎದುರು ಹೋಗಿ ನಿಂತೆ. "ಅಪ್ಪಾರ, ನಿಮ್ಮ ಮರ್ಯಾದಿ ಉಳೀಬೇಕೋ, ನಿಮ್ಮ ಮೊಮ್ಮಗು ಉಳೀಬೇಕೋ?" ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಆ ಮನುಷ್ಯ ಸೊಸೆಯ ಜೊತೆ ನೇರವಾಗಿ ಒಂದು ಮಾತು ಆಡಿದವರಲ್ಲ. ಎದ್ದು ಕಂಬಳಿ ಎತ್ತಿಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂತರು. ಸೊಸೆಗೆ ಕೇಳುವ ಹಾಗೆ ಗೋಡೆಗೆ ಹೇಳಿದರು:

"ಹಾಕ್ಕೊಂಡು ಅಡ್ಡಾಡವಾ. ನಾ ಮನ್ಯಾಗಿಲ್ಲ."

ಅಂದಿನಿಂದ ಅವರು ಗೋಡೆ ನೋಡುತ್ತಲೇ ಕೂತರು. ಬೀದಿ ನೋಡುತ್ತ ಹರಟುವುದೇ ಅವರ ಒಂದು ಸುಖ ಆಗಿತ್ತು, ಅದನ್ನೂ ಬಿಟ್ಟರು. ಹುಡುಗಿ ಧೈರ್ಯವಾಗಿ ಪಟಪಟ ಸಪ್ಪಳ ಮಾಡುತ್ತ ಓಡಾಡತೊಡಗಿದಳು. ರೆಪ್ಪೆಯ ಒಳಗೆ ನಸುಗೆಂಪು ಕಾಣತೊಡಗಿತು. ಅದನ್ನು ಮೊದಲು ಕಂಡ ದಿನ ನಾನು ಅವಳನ್ನು ತಬ್ಬಿಕೊಂಡೆ. "ಹೆರಿಗಿ ಆಗೋತನಕ ಈ ಚಪ್ಪಲ ಕಾಲಿಂದ ತಗೀಬ್ಯಾಡ ನೋಡು!" ಎಂದೆ.

ಒಂದು ದಿನ ಮರೆತು ಹೊರಗಿನಿಂದ ಕೂಗಿದೆ, "ಅಪ್ಪಾರ ಅದಾರೇನ್ರಿ ಮನ್ಯಾಗ?"

ಒಳಗಿನಿಂದ ಮಾವನ ಗಾಬರಿಯ ದನಿ ಬಂತು. "ಇಲ್ರೀ! ನಾ ಇಲ್ಲ! ಅಕಿ ಅಂಗಳದಾಗ ಅದಾಳ, ನಾ ಹೊರಗ ಹೋಗೇನಿ!"

೭. ಹೆರಿಗೆ

ನೋವು ಬಂದದ್ದು ಹಾಡಹಗಲು. ಚಕ್ಕಡಿ ಕಟ್ಟಿಸಿ, ಕೆಳಗೆ ಹುಲ್ಲು ಹಾಸಿ, ಹುಡುಗಿಯನ್ನು ಸವಣೂರು ದವಾಖಾನೆಗೆ ಕರೆದುಕೊಂಡು ಹೋದೆವು. ಹೆರಿಗೆ ಕೋಣೆಯ ಹೊರಗೆ ಎಲ್ಲರೂ ಚಪ್ಪಲಿ ಬಿಡಬೇಕು. ಮನೆಯವರ ಹತ್ತಿರ ಬಿಡಲು ಏನೂ ಇರಲಿಲ್ಲ. ನಾನು ಬಿಟ್ಟೆ, ಡಾಕ್ಟರಬಾಯಿಯೂ ಬಿಟ್ಟು ಬಂದರು. ಒಳಗೆ ಮಂಚದ ಮೇಲೆ ನೋಡುತ್ತೇನೆ, ನೋವಿನಲ್ಲಿ ಒದ್ದಾಡುತ್ತಿರುವ ಹುಡುಗಿಯ ಕಾಲಲ್ಲಿ ನೀಲಿ ಬಾರಿನ ಚಪ್ಪಲಿ!

ತೆಗೆಯಲು ಹೋದೆ. ಬೆರಳು ಮಡಚಿ ಗಟ್ಟಿ ಹಿಡಿದುಕೊಂಡಳು.

"ಬ್ಯಾಡ್ರಿ ಬಾಯಾರ! ಹೆರಿಗಿ ಆಗೋತನಕ ತಗೀಬ್ಯಾಡ ಅಂದೀರಿ. ರಾತ್ರಿ ಮಕ್ಕೊಂಡಾಗ ಸೈತ ತಗದಿಲ್ರಿ ನಾ!"

ಡಾಕ್ಟರಬಾಯಿ ನನ್ನ ಮುಖ ನೋಡಿದರು. "ನಾನೇ ಹೇಳಿದ್ದು ಮೇಡಂ" ಎಂದೆ. ಅವರಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. "ಹಾಗಾದರೆ ಔಷಧಿ ನೀರಿನಲ್ಲಿ ಚೆನ್ನಾಗಿ ತೊಳೆದು ಮತ್ತೆ ಹಾಕು" ಎಂದರು. ನನ್ನ ನೌಕರಿಯಲ್ಲಿ ಎಷ್ಟೋ ಹೆರಿಗೆ ಮಾಡಿಸಿದ್ದೇನೆ. ಬಸುರಿಗೆ ಚಪ್ಪಲಿ ತೊಳೆದು ಹಾಕಿ ಮಾಡಿಸಿದ್ದು ಅದೊಂದೇ.

ಕೂಸು ಬಂತು. ಬಂದು ಅಳಲಿಲ್ಲ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಡಾಕ್ಟರಬಾಯಿ ಕೂಸಿನ ಬೆನ್ನು ತಿಕ್ಕಿದರು, ಬಾಯಿ ಒರೆಸಿದರು, ಮತ್ತೆ ತಿಕ್ಕಿದರು. ಆಮೇಲೆ ಅತ್ತಿತು ನೋಡಿ, ಇಡೀ ದವಾಖಾನೆಗೆ ಕೇಳುವ ಹಾಗೆ! ನನಗೂ ಅಳು ಬಂತು. ನರ್ಸು ಅಳಬಾರದು ಅಂತ ಕಲಿಸಿದ್ದರು, ಆದರೂ ಅತ್ತುಬಿಟ್ಟೆ. ಹುಡುಗಿಗೆ ರಕ್ತ ಹೆಚ್ಚು ಹೋಗಲಿಲ್ಲ. ಅವಳೂ ಉಳಿದಳು.

ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ಗಂಡ, ಮಾವ ಕಂಬದ ಹತ್ತಿರ ನಿಂತಿದ್ದರು, ಹತ್ತಿರ ಬರಲು ಹೆದರಿ. ಅತ್ತೆ ಒಬ್ಬಳೇ ಬಂದು ಕೈ ಚಾಚಿದಳು. ಗಂಡೋ ಹೆಣ್ಣೋ ಅಂತ ಕೇಳುತ್ತಾಳೆ ಎಂದು ಕಾದೆ. ಕೇಳಲಿಲ್ಲ. ಕೂಸಿನ ಮುಖವನ್ನೂ ನೋಡಲಿಲ್ಲ. ನೆಲದ ಮೇಲೆ ಕೂತು, ತೊಡೆಯ ಮೇಲೆ ಕೂಸು ಹಾಕಿಕೊಂಡು, ಬಟ್ಟೆಯನ್ನು ಕೆಳಗಿನಿಂದ ಬಿಚ್ಚತೊಡಗಿದಳು.

"ಯಮ್ಮಾ, ಹೆಣ್ಣು ಕೂಸು. ಚಲೋ ಐತಿ. ಏನ್ ನೋಡಾಕತ್ತಿ?"

"ತಡೀರಿ ಬಾಯಾರ, ತಡೀರಿ."

ಒಂದು ಪಾದ ಹೊರಗೆ ತೆಗೆದಳು. ಅಂಗಾಲನ್ನು ಬೆರಳಿನಿಂದ ಸವರಿದಳು. ಹೆಬ್ಬೆರಳನ್ನು ಬಿಡಿಸಿ ಸಂದಿಯಲ್ಲಿ ನೋಡಿದಳು. ಇನ್ನೊಂದು ಪಾದವನ್ನೂ ಹಾಗೆಯೇ ನೋಡಿದಳು. ಆಮೇಲೆ ಎರಡೂ ಪಾದಗಳನ್ನು ಕಣ್ಣಿಗೆ ಒತ್ತಿಕೊಂಡು ಬಿಕ್ಕಿದಳು.

"ಬಸರಿ ಹೆಂಗಸು ಏನು ಮಾಡತಾಳೋ ಅದು ಕೂಸಿನ ಮೈಗೆ ಮೂಡತೈತಿ ಅಂತಾರಲ್ರಿ ಬಾಯಾರ. ನನ್ನ ಸೊಸಿ ಹಗಲು ರಾತ್ರಿ ಚಪ್ಪಲ ಬಿಡಲಿಲ್ಲ. ಕೂಸಿನ ಕಾಲಾಗೂ ಚಪ್ಪಲ ಮೂಡತೈತೇನೋ ಅಂತ ನನ್ನ ಜೀವ ಹೊಡಕೊಂತಿತ್ತು. ಹೇಳಿದ್ರ ಅಕಿ ಅಂಜಿ ತಗದ ಬಿಡತಿದ್ಲು, ಹುಳ ತಿಂತಿತ್ತು. ಅದಕ್ಕ ಯಾರ ಮುಂದೂ ಬಾಯಿ ಬಿಡಲಿಲ್ರಿ, ಹೊಟ್ಟ್ಯಾಗ ಇಟ್ಟಕೊಂಡೆ."

ಆಕೆ ಮೂಗು ಒರೆಸಿಕೊಂಡಳು. ಕಂಬದ ಕಡೆ ತಿರುಗಿ, ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಗಂಡನಿಗೂ ಮಗನಿಗೂ ಕೂಗಿ ಹೇಳಿದಳು:

"ಅಂಜಬ್ಯಾಡ್ರೋ, ಬರ್ರಿ! ಬರಿಗಾಲಿಲೆ ಬಂದೈತಿ!"